ಗ್ರೀಷ್ಮಚರ್ಯೆಯಲ್ಲಿ ನಾವು ಮರೆತ ಅಟ್ಟ

ಯುಗಾದಿ ಕಳೆದು ವೈಶಾಖ ಸಮೀಪಿಸುತ್ತಿದ್ದಂತೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ವೃದ್ಧರ ದೂರುಗಳೆಲ್ಲ ಒಂದೇ ಬಗೆಯವಾಗುತ್ತವೆ. ರಾತ್ರಿ ನಿದ್ರೆಯಿಲ್ಲ, ಅಂಗೈ ಅಂಗಾಲು ಉರಿ, ಎದ್ದು ನಿಂತರೆ ತಲೆಸುತ್ತು, ಮೂತ್ರ ಕಡಿಮೆ, ಅದೂ ಹಳದಿ, ಊಟ ಸೇರದು. ನಾಡಿ ಹಿಡಿದು, ನಾಲಗೆ ನೋಡಿ, ಪಿತ್ತವೆಂದು ನಿರ್ಣಯಿಸಿ, ಉಶೀರಾಸವವನ್ನೋ ಚಂದನಾಸವವನ್ನೋ ಬರೆದುಕೊಟ್ಟು ಕಳುಹಿಸುವುದು ನಮಗೆ ಬಹು ವರ್ಷಗಳ ರೂಢಿಯಾಗಿತ್ತು. ಆ ರೂಢಿಯನ್ನು ಒಬ್ಬ ತಾಯಿ ಮುರಿದರು. ಅವರ ಪ್ರಸಂಗವನ್ನು ಮೊದಲು ಹೇಳುವುದು ಉಚಿತ. ಏಕೆಂದರೆ ಅದರಲ್ಲಿ ತಪ್ಪಿದವರು ನಾವೇ.

ಅಜ್ಜಂಪುರದ ಕಡೆಯ ಹಳ್ಳಿಯೊಂದರ, ಎಪ್ಪತ್ತು ದಾಟಿದ ಶರಣೆ ಅವರು. ಮಗ ಅಡಿಕೆಯಲ್ಲಿ ನಾಲ್ಕು ಕಾಸು ಕಂಡು ಹಳೆಯ ಮನೆಯ ಪಕ್ಕದಲ್ಲಿಯೇ ಎರಡಂತಸ್ತಿನ ತಾರಸಿ ಮನೆ ಕಟ್ಟಿಸಿದ್ದರು. ತಾಯಿಗೆ ಮೇಲಂತಸ್ತಿನ ಕೋಣೆಯನ್ನು ಮೀಸಲಿಟ್ಟಿದ್ದರು. ಕೆಳಗೆ ಮಕ್ಕಳ ಗಲಾಟೆ, ಟಿ.ವಿ. ಸದ್ದು, ಮೇಲೆ ಏಕಾಂತದಲ್ಲಿ ಲಿಂಗಪೂಜೆ ಸಾಗುತ್ತದೆ, ಗಾಳಿಯೂ ಬರುತ್ತದೆ ಎಂಬುದು ಅವರ ಸದುದ್ದೇಶ. ಹೆತ್ತವರನ್ನು ಮೂಲೆಗೆ ತಳ್ಳುವ ಕಾಲದಲ್ಲಿ ಇಂಥ ಮಗನನ್ನು ಕಂಡು ನಾವೂ ಮೆಚ್ಚಿದ್ದೆವು. ಆ ಬೇಸಿಗೆಯಲ್ಲಿ ತಾಯಿ ಮೂರು ವಾರದಲ್ಲಿ ಮೂರು ಬಾರಿ ನಮ್ಮಲ್ಲಿಗೆ ಬಂದರು. ಮೇಲೆ ಹೇಳಿದ ದೂರುಗಳೆಲ್ಲವೂ ಇದ್ದವು. ಆಸವ, ಪ್ರವಾಳ ಪಿಷ್ಟಿ, ತಲೆಗೆ ಹಿಮಸಾಗರ ತೈಲ, ಎಲ್ಲವನ್ನೂ ಕೊಟ್ಟೆವು. ಪ್ರತಿ ಸಲವೂ ಅವರು ಹೊರಡುವಾಗ ಒಂದೇ ಮಾತು ಹೇಳುತ್ತಿದ್ದರು: "ನನ್ನ ಹಳೇ ಮನೇಲಿ ಮಲಗಿಸ್ರಪ್ಪಾ, ಅಲ್ಲಿ ನಿದ್ದೆ ಬರ್ತೈತೆ." ಮಗ ನಕ್ಕರು. ನಾವೂ ನಕ್ಕೆವು. ಸೊಸೆಯಾಗಿ ಕಾಲಿಟ್ಟ ಮನೆಯ ಮೇಲಿನ ಮಮತೆಯೆಂದು ತಿಳಿದೆವು.

ಒಂದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮಗನ ಫೋನು ಬಂತು. ನಾವು ಹೋದಾಗ ತಾಯಿ ಯಾರನ್ನೂ ಗುರುತಿಸುತ್ತಿರಲಿಲ್ಲ. ಎಂದೋ ಲಿಂಗೈಕ್ಯರಾದ ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದರು. ಮೈ ಒಣಗಿ ಕಾದ ಹೆಂಚಿನಂತಿತ್ತು. ಅವರ ಮಂಚದ ಬಳಿ ನಿಂತಾಗ ಉರಿಯುವ ಒಲೆಯ ಮುಂದೆ ನಿಂತಂತಾಯಿತು. ಸೂರ್ಯ ಮುಳುಗಿ ಮೂರು ತಾಸು ಕಳೆದಿತ್ತು, ಹೊರಗೆ ತಂಗಾಳಿ ಬೀಸುತ್ತಿತ್ತು. ಗೋಡೆಗೆ ಕೈಯಿಟ್ಟರೆ ಗೋಡೆ ಬಿಸಿ. ತಲೆಯ ಮೇಲಿನ ತಾರಸಿಯ ಶಾಖ ನಮ್ಮ ನೆತ್ತಿಗೆ ತಿಳಿಯುತ್ತಿತ್ತು. ಫ್ಯಾನು ಆ ಶಾಖವನ್ನೇ ಕೆಳಕ್ಕೆ ನೂಕುತ್ತಿತ್ತು. ಕೂಡಲೇ ಅವರನ್ನು ಎತ್ತಿ ಕೆಳಗಿನ ಪಡಸಾಲೆಗೆ ತಂದು, ಮೈಗೆಲ್ಲ ನೀರು ಹಚ್ಚಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ಅವರು ಮಗನನ್ನು ಹೆಸರಿಡಿದು ಕರೆದರು. ಗುರುಕೃಪೆ.

ಅಂದು ಆಂಬುಲೆನ್ಸ್ ಬರುವುದನ್ನು ಕಾಯುತ್ತಿದ್ದಾಗ ಕಂಡ ಒಂದು ನೋಟವನ್ನು ನಾವು ಮರೆಯಲಾರೆವು. ಅಂಗಳದ ಆಚೆ ಹಳೆಯ ಮಾಳಿಗೆ ಮನೆ. ಈಗ ಅದರಲ್ಲಿ ದನ ಕಟ್ಟುತ್ತಾರೆ. ಬಾಗಿಲಲ್ಲಿ ನಿಂತರೆ ಒಳಗಿನಿಂದ ತಣ್ಣನೆಯ ಮಣ್ಣಿನ ವಾಸನೆ ಬಂತು. ಎತ್ತುಗಳು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದವು. ಎತ್ತುಗಳು ತಂಪಿನಲ್ಲಿದ್ದವು, ತಾಯಿ ಬೇಯುತ್ತಿದ್ದರು. ಮೂರು ವಾರದಿಂದ ಆ ತಾಯಿ ತನ್ನ ರೋಗಕ್ಕೆ ತಾನೇ ಔಷಧವನ್ನು ಹೇಳುತ್ತಿದ್ದರು; ಕೇಳುವ ಕಿವಿ ವೈದ್ಯನಿಗಿರಲಿಲ್ಲ.

ಅಂದಿನಿಂದ ಬೇಸಿಗೆಯಲ್ಲಿ ಬರುವ ಪ್ರತಿಯೊಬ್ಬ ವೃದ್ಧರಿಗೂ ನಾವು ಮೊದಲು ಕೇಳುವ ಪ್ರಶ್ನೆ: "ಎಲ್ಲಿ ಮಲಗುತ್ತೀರಿ? ತಲೆಯ ಮೇಲೆ ಏನಿದೆ?"

ಕಡೂರು, ಅಜ್ಜಂಪುರ, ಅದರಾಚೆ ಹೊಸದುರ್ಗದವರೆಗಿನ ಬಯಲುಸೀಮೆಯ ಹಿರಿಯರಿಗೆ ಮಾಳಿಗೆ ಮನೆಯ ರಚನೆಯನ್ನು ವಿವರಿಸಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇವೆ. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಬಂದರೆಯಂಥ ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ನೀರು ಇಂಗದಂತೆ ಕರಲು. ಮಳೆಗಾಲಕ್ಕೆ ಮುಂಚೆ ಕರಲು ತಂದು ಹಾಕುವುದು ಪ್ರತಿ ಮನೆಯ ಕೆಲಸವಾಗಿತ್ತು. ಈ ದಪ್ಪ ಮಣ್ಣು ಹಗಲಿನ ಬಿಸಿಲನ್ನು ಹೀರಿಕೊಂಡು ಒಳಕ್ಕೆ ಬಿಡುವ ಮೊದಲೇ ರಾತ್ರಿಯಾಗಿಬಿಡುತ್ತಿತ್ತು. ರಾತ್ರಿ ಆ ಶಾಖ ಬಂದ ದಾರಿಯಲ್ಲಿಯೇ ಆಕಾಶಕ್ಕೆ ಹಿಂದಿರುಗುತ್ತಿತ್ತು. ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿಯಾದರೋ ನಡುಹಗಲು ಹೀರಿದ ಬಿಸಿಲನ್ನು ಕೆಲವೇ ತಾಸುಗಳಲ್ಲಿ ಒಳಕ್ಕೆ ದಾಟಿಸುತ್ತದೆ. ಹೀಗಾಗಿ ನಾವು ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ಅದು ಉಗುಳಲು ತೊಡಗುತ್ತದೆ. ತಾರಸಿ ಮನೆಯ ಅಪಾಯವಿರುವುದು ಹಗಲಿಗಿಂತ ಹೆಚ್ಚಾಗಿ ರಾತ್ರಿಯಲ್ಲಿ. ಹಗಲು ದಣಿದ ಶರೀರ ಚೇತರಿಸಿಕೊಳ್ಳಬೇಕಾದುದು ರಾತ್ರಿಯಲ್ಲಿಯೇ.

ಕಿಟಕಿಗೆ ಪರದೆ, ಗೋಡೆಗೆ ಬಣ್ಣ ಎಂದು ಚಿಂತಿಸುವವರು ಮೇಲೆ ನೋಡುವುದಿಲ್ಲ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಬಹುಮಟ್ಟಿಗೆ ನೇರ ನೆತ್ತಿಯ ಮೇಲಿರುತ್ತಾನೆ. ಗೋಡೆಗೆ ಬೀಳುವುದು ಓರೆ ಬಿಸಿಲು; ಸೂರಿಗೆ ಬೀಳುವುದು ಪೂರ್ಣ ಬಿಸಿಲು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ತಾರಸಿಯ ಮೇಲೆ ಆ ಹೊತ್ತಿನಲ್ಲಿ ಸುರಿಯುವ ಶಾಖ ಸುಮಾರು 9,000 ವ್ಯಾಟ್. ಸಾವಿರ ವ್ಯಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಹೊತ್ತಿಸಿ ಮಾಡಿನ ಮೇಲಿಟ್ಟಂತೆ. ಅದೆಲ್ಲವೂ ಒಳಗೆ ಇಳಿಯುವುದಿಲ್ಲ ನಿಜ. ಎಷ್ಟು ಇಳಿಯಬೇಕೆಂಬುದು ಮಾತ್ರ ನಾವು ಮಾಡಿಗೆ ಏನು ಮಾಡಿದ್ದೇವೆ ಎಂಬುದರ ಮೇಲೆ ನಿಂತಿದೆ.

ಇದೇ ಸಂಗತಿಯ ಇನ್ನೊಂದು ರೂಪವನ್ನು ಕಾಣಬೇಕಾದರೆ ಬಯಲಿನಿಂದ ಬೆಟ್ಟಕ್ಕೆ ಹತ್ತಬೇಕು. ಅಜ್ಜಂಪುರದಿಂದ ತರೀಕೆರೆ, ಲಿಂಗದಹಳ್ಳಿ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಏರಿ ಹೆಬ್ಬೆಯ ಕಡೆಗೆ ಇಳಿದರೆ ಎರಡು ಮೂರು ತಾಸಿನ ಹಾದಿಯಲ್ಲಿ ಮನೆಯ ಸೂರೇ ಬದಲಾಗಿಬಿಡುತ್ತದೆ. ಚಪ್ಪಟೆ ಮಾಳಿಗೆ ಹೋಗಿ ಇಳಿಜಾರು ಹೆಂಚು ಬರುತ್ತದೆ. ಹೆಬ್ಬೆಯ ಜಲಪಾತವನ್ನು ನೋಡಲು ಹೋಗುವವರು ಬಹಳ. ದಾರಿಯ ತೋಟದ ಮನೆಗಳ ಮಾಡನ್ನು ನೋಡುವವರು ವಿರಳ. ಆ ಭಾಗದ ಭಕ್ತರೊಬ್ಬರ ಹಳೆಯ ಮನೆಯಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ ನಾವು ಮನೆಯವರನ್ನು ಕೇಳಿಕೊಂಡು ಏಣಿ ಹತ್ತಿ ಅಟ್ಟವನ್ನು ನೋಡಿದೆವು. ಈ ವಯಸ್ಸಿನಲ್ಲಿ ಏಣಿಯೇಕೆಂದು ಅವರು ನಕ್ಕರು. ಮೇಲೆ ಹೆಂಚಿನ ಕೆಳಗೆ ತಲೆಯಿಟ್ಟರೆ ಬಿಸಿ ಹಬೆ. ಕಾಲ ಕೆಳಗಿನ ಅಟ್ಟದ ಹಲಗೆ, ಅದರ ಮೇಲೆ ಬಡಿದ ಮಣ್ಣು, ಅದರ ಮೇಲೆ ಅಡಿಕೆ ಮೂಟೆ, ಸೀಗೆಕಾಯಿ, ಬೂದುಗುಂಬಳ. ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮಗು ತೊಟ್ಟಿಲಲ್ಲಿ ಸುಖವಾಗಿ ಮಲಗಿತ್ತು.

ಮಲೆನಾಡಿನ ಅಟ್ಟ ಕೇವಲ ಉಗ್ರಾಣವಲ್ಲ. ಹೆಂಚು ಬಿಸಿಲಿಗೆ ಕಾಯುತ್ತದೆ; ಕಾದ ಗಾಳಿ ಹೆಂಚಿನ ಸಂದುಗಳಿಂದ, ಮಾಡಿನ ತುದಿಯಿಂದ ಹೊರಟುಹೋಗುತ್ತದೆ; ಉಳಿದ ತಾಪವನ್ನು ಹಲಗೆ, ಮಣ್ಣು ಮತ್ತು ಮೂಟೆಗಳು ತಡೆಯುತ್ತವೆ. ಒಂದು ಛತ್ರಿ, ನಡುವೆ ಹರಿಯುವ ಗಾಳಿ, ಕೆಳಗೊಂದು ಕಂಬಳಿ. ಇಂದು ಚಳಿಯ ದೇಶಗಳಲ್ಲಿಯೂ ಬಿಸಿಲಿನ ದೇಶಗಳಲ್ಲಿಯೂ ಅಟ್ಟಕ್ಕೆ ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ ಹಾಸಿ ಸಾಧಿಸುವುದು ಇದನ್ನೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು, ನಾಡಹೆಂಚು ಹಿಂದೆ ಸರಿಯಿತು. ಆದರೂ ಅಟ್ಟ ಉಳಿದಿತ್ತು. ಈಗ ಮಂಗಗಳ ಕಾಟ. ಅವು ನೆಗೆದಾಡಿ ಹೆಂಚು ಒಡೆಯುತ್ತವೆ, ಪ್ರತಿ ಮಳೆಗೂ ಹೆಂಚು ಕೈಯಾಡಿಸುವ ಆಳು ಸಿಗುವುದಿಲ್ಲ; ಆದ್ದರಿಂದ ತಗಡಿನ ಶೀಟು ಬಂದಿದೆ, ಅದರ ಹಿಂದೆಯೇ ಅಟ್ಟವೂ ಹೋಗಿದೆ. ಬೆಟ್ಟದ ತಂಪಿನಲ್ಲಿಯೂ ಮಾರ್ಚ್-ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕೂರಲಾಗದು. ತೋಟಗಳ ಲೈನ್ ಮನೆಗಳಲ್ಲಿ ವಾಸಿಸುವ ಕೂಲಿಕಾರರಿಗೆ ಕೂರುವುದು ಬಿಟ್ಟು ಬೇರೆ ದಾರಿಯಿಲ್ಲ.

ನಮ್ಮ ಶಾಸ್ತ್ರ ಇದನ್ನು ಅರಿತಿತ್ತು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಗ್ರೀಷ್ಮಚರ್ಯೆಯನ್ನು ಹೇಳುವಾಗ, ಹಗಲಿನಲ್ಲಿ ತಂಪಾದ ಮನೆಯೊಳಗೆ ನಿದ್ರಿಸಬೇಕೆಂದೂ ರಾತ್ರಿಯಲ್ಲಿ ಬೆಳದಿಂಗಳಿನಿಂದ ತಣಿದ, ಗಾಳಿಯಾಡುವ ಮಾಳಿಗೆಯ ಮೇಲೆ ಮಲಗಬೇಕೆಂದೂ ವಿಧಿಸಲಾಗಿದೆ. ಹಗಲುನಿದ್ರೆ ಉಳಿದ ಋತುಗಳಲ್ಲಿ ಸಾಮಾನ್ಯವಾಗಿ ನಿಷಿದ್ಧ. ಗ್ರೀಷ್ಮದಲ್ಲಿ ಮಾತ್ರ ಸಮ್ಮತ. ಕಾರಣ, ಆಗ ಬಲ ಕ್ಷೀಣಿಸುತ್ತದೆ, ವಾತ ಸಂಚಯವಾಗುತ್ತದೆ, ರಾತ್ರಿ ಚಿಕ್ಕದಾಗುತ್ತದೆ. ನಾವು ವಿದ್ಯಾರ್ಥಿದೆಸೆಯಲ್ಲಿ ಈ ಭಾಗವನ್ನು ಬಾಯಿಪಾಠ ಮಾಡಿ ಅಂಕ ಪಡೆದವರು. ಆದರೆ ಆಹಾರ ಮತ್ತು ಔಷಧದ ಮಾತನ್ನು ಹಿಡಿದುಕೊಂಡೆವು, ಮನೆಯ ಮಾತನ್ನು ರಾಜರಿಗೆ ಹೇಳಿದ್ದೆಂದು ಬಿಟ್ಟೆವು. ಬಯಲುಸೀಮೆಯ ರೈತ ಮಾತ್ರ ಶಾಸ್ತ್ರ ಓದದೆಯೇ ಹಗಲು ಮಾಳಿಗೆಯ ಕೆಳಗೂ ರಾತ್ರಿ ಮಾಳಿಗೆಯ ಮೇಲೂ ಮಲಗುತ್ತಿದ್ದ.

ಇದು ಸುಖದ ಮಾತಲ್ಲ, ಪ್ರಾಣದ ಮಾತು. 2003ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶವನ್ನು ಹೊಡೆದ ಬಿಸಿಗಾಳಿಯಲ್ಲಿ ಸುಮಾರು 15 ಸಾವಿರ ಜನ ಹೆಚ್ಚುವರಿಯಾಗಿ ಸತ್ತರು, ಬಹುಪಾಲು ವೃದ್ಧರು. ಮನೆಯಲ್ಲಿಯೇ ಮಡಿದ ವೃದ್ಧರನ್ನು ಕುರಿತು ಅಲ್ಲಿನ ತಜ್ಞರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಖತಡೆಯಿಲ್ಲದ ಮನೆ ಮತ್ತು ನೇರವಾಗಿ ಸೂರಿನ ಕೆಳಗಿನ ಮಲಗುವ ಕೋಣೆ ಇವೆರಡೂ ಸಾವಿನ ಸಂಭವವನ್ನು ಹೆಚ್ಚಿಸಿದ ಕಾರಣಗಳೆಂದು ಕಂಡುಬಂತು. ನಮ್ಮ ತಾಯಿಯ ಕೋಣೆಯ ವರ್ಣನೆಯನ್ನೇ ಓದಿದಂತಾಯಿತು. ನಮ್ಮ ದೇಶದ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಿನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವು. ಆ ನಗರ 2013ರಲ್ಲಿ ಬಿಸಿಲಿನ ವಿರುದ್ಧ ಯೋಜನೆಯೊಂದನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಸೂರಿಗೆ ಸುಣ್ಣ ಬಳಿಯುವ ಕೆಲಸವೂ ಅದಕ್ಕೆ ಸೇರಿತು.

ಹಾಗಾದರೆ ಎಲ್ಲರೂ ಮಾಳಿಗೆ ಮನೆಗೆ ಮರಳಬೇಕೇ? ಹಾಗೆಂದು ನಾವು ಹೇಳಲಾರೆವು. ಜಡಿಮಳೆಗೆ ನೆನೆದ ಮಾಳಿಗೆ ರಾತ್ರೋರಾತ್ರಿ ಕುಸಿದ ಸುದ್ದಿಯನ್ನು ಪ್ರತಿ ಮಳೆಗಾಲದಲ್ಲಿ ಓದುತ್ತೇವೆ. ಗೆದ್ದಲು, ಚೇಳು, ಸೋರಿಕೆಗಳನ್ನು ಅನುಭವಿಸಿದ ಹೆಣ್ಣುಮಕ್ಕಳಾರೂ ಅದನ್ನು ಹಾಡಿ ಹೊಗಳುವುದಿಲ್ಲ. ಹಾಗೆಯೇ, ಹಳೆಯದೇ ಒಳ್ಳೆಯದೆಂದು ಹೊಸ ತಾರಸಿಯ ಮೇಲೆ ಮಣ್ಣು ಹೇರುವುದೂ ಅಪಾಯ: ಒಂದಡಿ ದಪ್ಪದ ಒಣಮಣ್ಣು ಚದರಡಿಗೆ ಸುಮಾರು 45 ಕಿಲೋ ತೂಗುತ್ತದೆ, ಸಾಮಾನ್ಯ ತಾರಸಿಯನ್ನು ಅಷ್ಟು ಭಾರಕ್ಕೆಂದು ಕಟ್ಟಿರುವುದಿಲ್ಲ. ಹಿರಿಯರ ಮನೆಯ ಗುಣವನ್ನು ಮಾತ್ರ ತೆಗೆದುಕೊಂಡು ಇಂದಿನ ಮನೆಗೆ ಅಳವಡಿಸಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯ ಸುಣ್ಣ. ಹಳತಾಗಿ ಕಪ್ಪಿಟ್ಟ ತಾರಸಿ ಬಿಸಿಲಿನ ಬಹುಪಾಲನ್ನು ಕುಡಿಯುತ್ತದೆ. ಹೊಸದಾಗಿ ಸುಣ್ಣ ಬಳಿದ ತಾರಸಿ ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಶಿವರಾತ್ರಿ ಕಳೆದ ಕೂಡಲೇ ತಾರಸಿಯನ್ನು ಗುಡಿಸಿ ತೊಳೆದು, ನೆನೆಸಿ ಸೋಸಿದ ಸುಣ್ಣಕ್ಕೆ ಫೆವಿಕಾಲ್‌ನಂಥ ಅಂಟನ್ನು ಬೆರೆಸಿ, ಸಂಜೆಯ ತಂಪಿನಲ್ಲಿ ಎರಡು ಬಾರಿ ಬಳಿಯಬೇಕು. ಮಳೆಗೆ ಅದು ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಪ್ರತಿವರ್ಷ ಕರಲು ಹಾಕುತ್ತಿದ್ದವರ ಮೊಮ್ಮಕ್ಕಳಿಗೆ ಇದು ಹೊರೆಯಾಗಬಾರದು. ಸುಣ್ಣ ನೆನೆಸುವಾಗ ಮಕ್ಕಳು ಹತ್ತಿರವಿರಕೂಡದು. ಕುದಿಯುವ ಸುಣ್ಣದ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ತರೀಕೆರೆಯ ಕಡೆಯ ಭಕ್ತರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ತಾರಸಿಯ ಮೇಲೆ ಅಡಿಕೆ ಒಣಗಿಸಬೇಕು, ಸುಣ್ಣ ಮೆತ್ತಿಕೊಂಡರೆ ಬೆಲೆ ಹೋಗುತ್ತದೆ. ನ್ಯಾಯವಾದ ಮಾತು. ವೃದ್ಧರೂ ಮಕ್ಕಳೂ ಮಲಗುವ ಕೋಣೆಯ ಮೇಲಿನ ಭಾಗಕ್ಕಾದರೂ ಬಳಿದು, ಉಳಿದ ಭಾಗವನ್ನು ಅಡಿಕೆಗೆ ಬಿಡಬಹುದು.

ಎರಡನೆಯದು ನೆರಳು. ಅಡಿಕೆ ಸೋಗೆಗೂ ತೆಂಗಿನ ಗರಿಗೂ ನಮ್ಮಲ್ಲಿ ಬರವಿಲ್ಲ. ತಾರಸಿಯಿಂದ ಎರಡು ಮೂರು ಅಡಿ ಎತ್ತರದಲ್ಲಿ ಚಪ್ಪರ ಹಾಕಿದರೆ ಅದೇ ಅಟ್ಟದ ಛತ್ರಿ. ನಡುವೆ ಗಾಳಿ ಹರಿಯುತ್ತದೆ. ಸೋಗೆಯನ್ನು ತಾರಸಿಯ ಮೇಲೆಯೇ ಹರಡಿದರೆ ಅರ್ಧ ಲಾಭ ಮಾತ್ರ. ಒಣಸೋಗೆಗೆ ಕಿಡಿಯ ಭಯವುಂಟು, ಒಲೆಯ ಹೊಗೆಕೊಳವೆಯಿಂದ ದೂರವಿರಲಿ. ಗಾಳಿಮಳೆ ಆರಂಭವಾಗುವ ಮುನ್ನ ಇಳಿಸಿಬಿಡಬೇಕು. ತಾರಸಿಗೆ ನೀರು ಹಾಕಿ ತಣಿಸುವವರನ್ನೂ ಕಂಡಿದ್ದೇವೆ. ಭದ್ರೆಯ ದಂಡೆಯವರು ಏನಾದರೂ ಮಾಡಲಿ, ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾಯುವ ಕಡೂರಿನವರಿಗೆ ಆ ಸಲಹೆ ಕೊಡಲು ನಮಗೆ ಬಾಯಿ ಬರುವುದಿಲ್ಲ.

ತಗಡು ಮತ್ತು ಹೆಂಚಿನ ಮನೆಗಳಿಗೆ ಹೋದ ಅಟ್ಟವನ್ನು ಮರಳಿ ತರುವುದೇ ಮದ್ದು. ಹಲಗೆ ದುಬಾರಿಯಾದರೆ ಬಿದಿರಿನ ತಟ್ಟಿ, ಪ್ಲೈವುಡ್, ಜಿಪ್ಸಂ ಹಾಳೆ ಯಾವುದಾದರೂ ಆದೀತು. ಅದರ ಮೇಲೆ ಕಲ್ಲಿನ ಉಣ್ಣೆಯಂಥ ಶಾಖತಡೆಯನ್ನು ಹಾಸಿದರೆ ಫಲ ಇಮ್ಮಡಿ. ಆದರೆ ಮಾಡಿಗೂ ಈ ಅಟ್ಟಕ್ಕೂ ನಡುವಿನ ಜಾಗದಿಂದ ಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ಕಿಂಡಿಗಳಿರಲೇಬೇಕು. ಕಿಂಡಿಗೆ ಇಲಿ, ಹಾವು ನುಸುಳದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆಸಬೇಕು. ಉಣ್ಣೆ ಹಾಸುವವರು ಮೈತುಂಬ ಬಟ್ಟೆ ತೊಟ್ಟು, ಕೈಗವಸು ಹಾಕಿ, ಮೂಗು ಮುಚ್ಚಿಕೊಳ್ಳಲಿ. ಅದರ ಎಳೆಗಳು ಚರ್ಮಕ್ಕೆ ತುರಿಕೆ ತರುತ್ತವೆ. ಥರ್ಮೋಕೋಲ್ ಅಗ್ಗ, ಹಗುರ; ಕಾಂಕ್ರೀಟಿಗೆ ಹೋಲಿಸಿದರೆ ಅದು ಶಾಖವನ್ನು ಸುಮಾರು 40 ಪಟ್ಟು ಕಡಿಮೆ ದಾಟಿಸುತ್ತದೆ. ಆದರೆ ಬೆಂಕಿ ಹತ್ತಿದರೆ ಅದರ ಹೊಗೆ ವಿಷ. ಅಡುಗೆಮನೆಯಲ್ಲಿ, ದೇವರ ದೀಪ ಹಚ್ಚುವ ಕೋಣೆಯಲ್ಲಿ ಅದನ್ನು ಬರಿದಾಗಿ ಅಂಟಿಸುವುದು ಬೇಡವೇ ಬೇಡ. ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ಈಚೆಗೆ ಅಂಗಡಿಗಳಲ್ಲಿ ಬಹಳ ಮಾರುತ್ತಾರೆ. ತಗಡಿಗೆ ಅಂಟಿಕೊಂಡು ಕೂತರೆ ಅದರಿಂದ ಪ್ರಯೋಜನ ಅಲ್ಪ. ಹೊಳೆಯುವ ಮೈಯ ಮುಂದೆ ಒಂದೆರಡು ಅಂಗುಲ ಗಾಳಿಯ ತೆರಪಿರಬೇಕು. ಅದು ವಿದ್ಯುತ್ತನ್ನೂ ಹರಿಸುತ್ತದೆ. ತೊಗಟೆ ಕಿತ್ತ ಹಳೆಯ ವೈರುಗಳಿರುವ ಮಾಡಿನಲ್ಲಿ ಮೊದಲು ವೈರು ಸರಿಪಡಿಸಬೇಕು.

ಸಿಮೆಂಟ್ ಶೀಟಿನ ಮನೆಯವರಿಗೆ ವೈದ್ಯರಾಗಿ ನಮ್ಮದೊಂದು ಎಚ್ಚರಿಕೆ. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದನ್ನು ಕೊರೆದರೆ, ಗರಗಸದಿಂದ ಕೊಯ್ದರೆ, ಬಳಿಯುವ ಮುನ್ನ ತಂತಿಬ್ರಷ್ಷಿನಿಂದ ಉಜ್ಜಿದರೆ ಏಳುವ ನವಿರಾದ ಧೂಳು ಶ್ವಾಸಕೋಶದಲ್ಲಿ ನೆಲೆಸಿ, ಹತ್ತಾರು ವರ್ಷಗಳ ಬಳಿಕ ದಮ್ಮಾಗಿ, ಕ್ಯಾನ್ಸರಾಗಿ ಕಾಣಿಸಿಕೊಳ್ಳಬಲ್ಲುದು. ಉಜ್ಜದೆ, ನೀರು ಚಿಮುಕಿಸಿ ಹಾಗೆಯೇ ಸುಣ್ಣ ಬಳಿಯಿರಿ. ಶೀಟಿನ ಮೇಲೆ ಕಾಲಿಡಬೇಡಿ. ಮುರಿದು ಬಿದ್ದವರನ್ನು ನೋಡಿದ್ದೇವೆ.

ಇದಾವುದೂ ಈ ವರ್ಷ ಆಗದಿದ್ದರೆ ಹಾಸಿಗೆಯ ಜಾಗವನ್ನಾದರೂ ಬದಲಿಸಿ. ವೃದ್ಧರು, ಬಾಣಂತಿ, ಎಳೆಗೂಸು ಕೆಳಗಿನ ಅಂತಸ್ತಿನಲ್ಲಿ ಮಲಗಲಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ, ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ತೆರೆಯಿರಿ. ಕೋಣೆಯ ತಾಪ 40 ಡಿಗ್ರಿಯನ್ನು ಸಮೀಪಿಸಿದಾಗ ಬರಿಯ ಫ್ಯಾನನ್ನು ನೆಚ್ಚಬೇಡಿ; ಮೈಮೇಲೆ ಒದ್ದೆ ಬಟ್ಟೆಯಿದ್ದರೆ ಮಾತ್ರ ಅದರ ಗಾಳಿ ಹಿತ. ಮುದುಕರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ, ಬೆವರೂ ಕಡಿಮೆ. ಆದ್ದರಿಂದ ಕೇಳಲೆಂದು ಕಾಯದೆ ಲಾವಂಚದ ನೀರು, ತಿಳಿಮಜ್ಜಿಗೆ, ರಾಗಿ ಅಂಬಲಿಯನ್ನು ಆಗಾಗ ಕೊಡುತ್ತಿರಿ. ನೀರಿನ ಮಿತಿ ಹೇಳಿರುವ ಹೃದಯ ಮತ್ತು ಮೂತ್ರಪಿಂಡದ ರೋಗಿಗಳು ಮಾತ್ರ ತಮ್ಮ ವೈದ್ಯರನ್ನು ಕೇಳಲಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರೂ ಬೇಸಿಗೆಯ ಆರಂಭದಲ್ಲಿ ಒಮ್ಮೆ ವೈದ್ಯರನ್ನು ಕಾಣಬೇಕು; ತಾವಾಗಿಯೇ ನಿಲ್ಲಿಸಬಾರದು.

ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಕೆಂಡವಾದರೆ ಅದು ಪಿತ್ತವೂ ಅಲ್ಲ, ಗಾಳಿಸೋಂಕೂ ಅಲ್ಲ, ಶಾಖಾಘಾತ. ಅಲ್ಲಿ ನಮ್ಮ ಆಸವ ಕಷಾಯಗಳಿಗೆ ಕೆಲಸವಿಲ್ಲ, ಜ್ವರದ ಮಾತ್ರೆಯೂ ಫಲ ಕೊಡದು. ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರಾಗಲಿ ತೀರ್ಥವಾಗಲಿ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಶ್ರೀಮಠದ ಯುವಕರು ಜಾತ್ರೆಗೆ ಮುನ್ನ ಮಠದ ಗೋಡೆಗಳಿಗೆ ಸುಣ್ಣ ಬಳಿಯುವ ಸೇವೆಯನ್ನು ಶ್ರದ್ಧೆಯಿಂದ ಮಾಡುತ್ತಾರೆ. ಮಿಕ್ಕ ಸುಣ್ಣವನ್ನು ಬಕೆಟ್ಟಿನಲ್ಲಿ ಬಿಡದೆ, ಊರಿನ ಅಂಚಿನಲ್ಲಿ ಶೀಟಿನ ಮನೆಗಳಲ್ಲಿ ಒಂಟಿಯಾಗಿರುವ ಮುದುಕ ಮುದುಕಿಯರ ಸೂರಿಗೆ ಬಳಿದುಕೊಟ್ಟರೆ ಅದೂ ದಾಸೋಹವೇ. ಒಂದು ಮನೆಗೆ ಒಂದು ಸಂಜೆ ಸಾಕು.

ಅಜ್ಜಂಪುರದ ಆ ತಾಯಿ ಈಗ ಕೆಳಗಿನ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಲಿಂಗಪೂಜೆಯೂ ಅಲ್ಲಿಯೇ, ಆ ಹೊತ್ತಿನಲ್ಲಿ ಟಿ.ವಿ. ಹಾಕಕೂಡದೆಂದು ಮೊಮ್ಮಕ್ಕಳಿಗೆ ಕಟ್ಟಪ್ಪಣೆಯಾಗಿದೆ. ಮೇಲಿನ ಕೋಣೆಯ ಕಿಟಕಿಗಳನ್ನು ಹಗಲು ರಾತ್ರಿ ತೆರೆದಿಟ್ಟು ಅದರಲ್ಲಿ ಅಡಿಕೆ ಮೂಟೆ, ಕೊಬ್ಬರಿ, ಬೂದುಗುಂಬಳಗಳನ್ನು ತುಂಬಿದ್ದಾರೆ. ಹೋದ ಬೇಸಿಗೆಯಲ್ಲಿ ಆ ದಾರಿಯಾಗಿ ಹೋದಾಗ ತಾಯಿ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟು, ಮೇಲಕ್ಕೆ ಕೈ ತೋರಿ ಹೇಳಿದರು: "ಅದೀಗ ನಮ್ಮ ಅಟ್ಟ ಕಣಪ್ಪಾ."